ಅರಿಶಿನದ ಕಾಗದ ಕೆಂಪಾಗುತ್ತಿಲ್ಲ, ಏಕೆ?

ಪ್ರಶ್ನೆ: ಅರಿಶಿನ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ ಎಂದು ಏಳು ವರ್ಷದ ಮಗಳಿಗೆ ಹೇಳಿದ್ದೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿದರೂ ಹಳದಿಯೇ ಉಳಿಯಿತು. ತಪ್ಪೆಲ್ಲಿ?
– ಓದುಗರೊಬ್ಬರು, ಹಾಸನ

ಉತ್ತರ: ತಪ್ಪು ಬಹುಶಃ ಲಿಕ್ವಿಡ್‌ನದು. ಅರಿಶಿನ ಕೆಂಪಾಗುವುದು ಕ್ಷಾರ ತಾಗಿದಾಗ. ಪಾತ್ರೆ ತೊಳೆಯುವ ಹಲವು ಲಿಕ್ವಿಡ್‌ಗಳು, ಹ್ಯಾಂಡ್‌ವಾಶ್‌ಗಳು ಹೆಚ್ಚುಕಡಿಮೆ ತಟಸ್ಥ. ಬಟ್ಟೆ ಸೋಪಿನ ಬಿಲ್ಲೆಯನ್ನು ಒದ್ದೆ ಮಾಡಿ ಉಜ್ಜಿ, ಇಲ್ಲವೇ ಅರ್ಧ ಲೋಟ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಕಲಸಿ ಹತ್ತಿಯಲ್ಲಿ ಹಚ್ಚಿ. ಇಟ್ಟಿಗೆಗೆಂಪು ತಕ್ಷಣ ಮೂಡುತ್ತದೆ. ಅಡುಗೆ ಸೋಡಾ ತೀರಾ ಸೌಮ್ಯ, ಬಣ್ಣ ಮಂಕಾಗಿಯೇ ಬರುತ್ತದೆ. ವಾಷಿಂಗ್ ಸೋಡಾ ಕಣ್ಣಿಗೆ ಬೀಳಬಾರದು, ಅದನ್ನು ನೀವೇ ಕಲಸಿ.

ಕಾಗದವನ್ನೂ ಸುಧಾರಿಸಬಹುದು. ಅರಿಶಿನದ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಪುಡಿ ಮೇಲೆ ಕೂತು ಉದುರುತ್ತದೆ. ಒಂದು ಚಮಚ ಪುಡಿಗೆ ನಾಲ್ಕು ಚಮಚ ಆಲ್ಕೋಹಾಲ್ ಇರುವ, ನೀರಾದ ಸ್ಯಾನಿಟೈಸರ್ (ಜೆಲ್ ಬೇಡ) ಹಾಕಿ ಹತ್ತು ನಿಮಿಷ ಬಿಡಿ; ಆಲ್ಕೋಹಾಲ್‌ನಲ್ಲಿ ಬಣ್ಣ ಕರಗುತ್ತದೆ. ಅದಕ್ಕೆ ಬೆಂಕಿ ತಾಗಬಾರದು, ಒಲೆಯ ಹತ್ತಿರ ಮಾತ್ರ ಈ ಕೆಲಸ ಬೇಡ. ಮೇಲಿನ ತಿಳಿಯಲ್ಲಿ ಫಿಲ್ಟರ್ ಪೇಪರ್ ಅದ್ದಿ ನೆರಳಲ್ಲೇ ಒಣಗಿಸಿ; ಬಿಸಿಲಿಗೆ ಅರಿಶಿನ ಮಾಸುತ್ತದೆ.

ಕೆಂಪಾದ ಜಾಗಕ್ಕೆ ನಿಂಬೆರಸದ ಹನಿ ಬಿಟ್ಟರೆ ಮತ್ತೆ ಹಳದಿ. ಮಕ್ಕಳು ಕುಣಿಯುವುದು ಇಲ್ಲೇ. ಆರತಿ ತಟ್ಟೆಯ ಕೆಂಪು ಓಕುಳಿಯೂ ಅರಿಶಿನಕ್ಕೆ ಸುಣ್ಣ ಸೇರಿ ಆದದ್ದೇ. ಅದಕ್ಕೂ ನಿಂಬೆ ಹಿಂಡಿದರೆ ಏನಾದೀತು ಎಂದು ಮೊದಲು ಮಗಳನ್ನೇ ಕೇಳಿ, ಆಮೇಲೆ ಹಿಂಡಿ.