ಕಳ್ಳ ಗಡಿ ದಾಟಿದ ಮೇಲೆ

ಆತ್ಮೀಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ದೇಶದಿಂದ ದೇಶಕ್ಕೆ ಹಬ್ಬಿರುವ ಸಂಘಟಿತ ಅಪರಾಧದ ಬಗ್ಗೆ ನಾವು ಹಾಕಿದ್ದ ಲೇಖನ ನಿಮಗೆ ಸಮಾಧಾನ ತಂದಿಲ್ಲ. "ರೆಡ್ ನೋಟಿಸ್ ಹೊರಟ ಮೇಲೂ ಆರೋಪಿಗಳು ಇನ್ನೊಂದು ದೇಶದಲ್ಲಿ ಆರಾಮಾಗಿ ಓಡಾಡಿಕೊಂಡಿರುತ್ತಾರೆ. ಒಪ್ಪಂದಗಳೆಲ್ಲ ಸುಮ್ನೆ ಕಾಗದ ಅಲ್ವಾ? ಇಡೀ ಜಗತ್ತಿಗೆ ಒಂದೇ ಪೊಲೀಸ್ ಪಡೆ ಯಾಕಿಲ್ಲ?" ಎಂದು ಕೇಳಿದ್ದೀರಿ. ಆನ್‌ಲೈನ್ ಮೋಸಗಾರರಿಗೆ ಹಣ ಕಳೆದುಕೊಂಡ ನಿಮ್ಮ ಗೆಳೆಯರು ದೂರನ್ನೇ ಕೊಟ್ಟಿಲ್ಲ, ಹೊರದೇಶಕ್ಕೆ ಹೋದ ದುಡ್ಡು ಬರುವುದುಂಟೇ ಎಂದೂ ಬರೆದಿದ್ದೀರಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ದೂರಿನ ವಿಷಯದಲ್ಲಿ ಮಾತ್ರ ನಾನು ಒಪ್ಪುವುದಿಲ್ಲ.

ಮೊದಲು ರೆಡ್ ನೋಟಿಸ್. ಅದನ್ನು ಹೊರಡಿಸುವುದು ಇಂಟರ್‌ಪೋಲ್ ಎಂಬ ಅಂತರರಾಷ್ಟ್ರೀಯ ಪೊಲೀಸ್ ಸಂಸ್ಥೆ. ಆದರೆ ಅವರು ತಾವೇ ಹೋಗಿ ಯಾರನ್ನೂ ಹಿಡಿಯುವುದಿಲ್ಲ. 196 ದೇಶಗಳ ಪೊಲೀಸರ ನಡುವೆ ಮಾಹಿತಿ ಸಾಗಿಸುವುದು ಅವರ ಮುಖ್ಯ ಕೆಲಸ. ರೆಡ್ ನೋಟಿಸ್ ಅಂದರೆ "ಇವನು ನಮಗೆ ಬೇಕಾದವನು, ಸಿಕ್ಕರೆ ಹಿಡಿದಿಟ್ಟುಕೊಳ್ಳಿ" ಎಂಬ ಕೋರಿಕೆ. ಅದು ವಾರಂಟ್ ಅಲ್ಲ. ಹಿಡಿಯಬೇಕೋ ಬೇಡವೋ ಎಂದು ತೀರ್ಮಾನಿಸುವುದು ಆಯಾ ದೇಶದ ಕಾನೂನು.

ಜಗತ್ತಿಗೆ ಒಂದೇ ಪೊಲೀಸ್ ಪಡೆ ಅಂದರೆ ನನಗೆ ಭಯವೇ ಆಗುತ್ತದೆ. ದೇಶ ಬಿಟ್ಟು ಓಡಿದವರಲ್ಲಿ ಕಳ್ಳರಷ್ಟೇ ಇರುವುದಿಲ್ಲ. ಸರ್ಕಾರವನ್ನು ಟೀಕಿಸಿದ ಪತ್ರಕರ್ತರೂ ಇರುತ್ತಾರೆ. ರಾಜಕೀಯ, ಸೇನೆ, ಧರ್ಮ, ಜನಾಂಗದ ವಿಷಯಕ್ಕೆ ಇಂಟರ್‌ಪೋಲ್ ಕೈಹಾಕಬಾರದು ಎಂದು ಅದರ ಸಂವಿಧಾನದ 3ನೇ ವಿಧಿ ಹೇಳುವುದು ಇದಕ್ಕೇ.

ನಿಜವಾದ ತೊಡಕು ಇರುವುದು ಹೊತ್ತಿನಲ್ಲಿ. 2016ರ ಫೆಬ್ರವರಿ 4, ಗುರುವಾರ ರಾತ್ರಿ. ಬಾಂಗ್ಲಾದೇಶ ಕೇಂದ್ರ ಬ್ಯಾಂಕಿನ ನ್ಯೂಯಾರ್ಕ್ ಖಾತೆಯಿಂದ ಹಣ ಕಳಿಸಿ ಎಂದು ಕಳ್ಳರು ಕಂಪ್ಯೂಟರ್ ಮೂಲಕ ಸುಳ್ಳು ಆದೇಶ ಕಳಿಸಿದರು. ಮರುದಿನ ಶುಕ್ರವಾರ, ಢಾಕಾದಲ್ಲಿ ವಾರದ ರಜೆ. ಢಾಕಾದವರು ಎಚ್ಚೆತ್ತು ಹುಡುಕಾಡುವ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಶನಿವಾರ, ಭಾನುವಾರದ ರಜೆ. ಹಣ ಹೋಗಿ ಸೇರಿದ್ದು ಫಿಲಿಪ್ಪೀನ್ಸ್‌ನ ಮನಿಲಾದ ಒಂದು ಬ್ಯಾಂಕಿಗೆ. ಸೋಮವಾರ ಚೀನೀ ಹೊಸ ವರ್ಷ ಅಂತ ಅಲ್ಲಿ ರಜೆ. ಹಣ ತಡೆಯಿರಿ ಎಂಬ ಸಂದೇಶ ಅಲ್ಲಿಗೆ ಮುಟ್ಟಿದರೂ ನೋಡುವವರಿರಲಿಲ್ಲ. ಮಂಗಳವಾರ ಬ್ಯಾಂಕ್ ಬಾಗಿಲು ತೆರೆಯಿತು, ಹಣವೂ ಖಾಲಿಯಾಯಿತು. ಹೀಗೆ 8.1 ಕೋಟಿ ಡಾಲರ್ ಕೈಬಿಟ್ಟುಹೋಯಿತು. ಕಳ್ಳರು ಮೂರು ದೇಶಗಳ ಕ್ಯಾಲೆಂಡರನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದ್ದರು ಅನಿಸುತ್ತದೆ.

ಆ ಹಣದಲ್ಲಿ ಬಹುಪಾಲು ಸೇರಿದ್ದು ಕ್ಯಾಸಿನೋಗಳಿಗೆ. ಅಕ್ರಮ ಹಣ ತಡೆಯುವ ಕಾನೂನು ಫಿಲಿಪ್ಪೀನ್ಸ್‌ನಲ್ಲಿ ಇತ್ತು, ಆದರೆ ಕ್ಯಾಸಿನೋಗಳು ಅದರೊಳಗೆ ಬರುತ್ತಿರಲಿಲ್ಲ. 2017ರಲ್ಲಷ್ಟೇ ಸೇರಿಸಿದರು. ಒಂದು ದೇಶದ ಬೇಲಿಯಲ್ಲಿ ಕಂಡಿ ಇದ್ದರೆ ಸಾಕು, ಎಲ್ಲ ದೇಶಗಳ ಕಳ್ಳತನದ ಹಣವೂ ಅಲ್ಲೇ ನುಗ್ಗುತ್ತದೆ.

ಈ ಕಂಡಿ ಮುಚ್ಚುವುದಕ್ಕೇ ನೀವು ಕಾಗದ ಎಂದ ಒಪ್ಪಂದ ಬೇಕಾಗಿರುವುದು. ವಿಶ್ವಸಂಸ್ಥೆಯ ಸಂಘಟಿತ ಅಪರಾಧ ವಿರೋಧಿ ಒಪ್ಪಂದಕ್ಕೆ ಸಹಿ ಶುರುವಾದದ್ದು 2000ದ ಡಿಸೆಂಬರ್‌ನಲ್ಲಿ, ಇಟಲಿಯ ಸಿಸಿಲಿ ದ್ವೀಪದ ಪಲೆರ್ಮೊ ನಗರದಲ್ಲಿ. ಆ ಊರನ್ನು ಸುಮ್ನೆ ಆರಿಸಲಿಲ್ಲ. ಮಾಫಿಯಾ ವಿರುದ್ಧ ಹೋರಾಡಿದ ನ್ಯಾಯಾಧೀಶ ಜೊವಾನಿ ಫಾಲ್ಕೋನೆ ಅವರ ಊರು ಅದು. ಫಾಲ್ಕೋನೆ ಹಣದ ಜಾಡು ಹಿಡಿದು ಬ್ಯಾಂಕ್ ಚೆಕ್ಕುಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಜಾಡು ಗಡಿ ದಾಟಿದರೆ ಅಲ್ಲಿನ ಅಧಿಕಾರಿಗಳನ್ನು ತಾವೇ ಹುಡುಕಿಕೊಂಡು ಹೋಗುತ್ತಿದ್ದರು. ಮಾಫಿಯಾದ ಒಳಗಿನವನಾದ ತೊಮ್ಮಾಸೊ ಬುಶೆಟ್ಟಾನನ್ನು ಬ್ರೆಜಿಲ್ 1984ರಲ್ಲಿ ಇಟಲಿಗೆ ಒಪ್ಪಿಸಿತು. ಅವನು ಬಾಯಿ ಬಿಟ್ಟದ್ದು ಫಾಲ್ಕೋನೆ ಎದುರು. ಮಾಫಿಯಾ ಮೇಲಿನ ಮೊಕದ್ದಮೆಯ 1987ರ ತೀರ್ಪಿನಲ್ಲಿ 300ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಬ್ರೆಜಿಲ್ ಅವನನ್ನು ಕೊಡದೇ ಇದ್ದಿದ್ದರೆ? 1992ರ ಮೇ 23ರಂದು ಮಾಫಿಯಾ ಹೆದ್ದಾರಿಯಲ್ಲಿ ಬಾಂಬಿಟ್ಟು ಫಾಲ್ಕೋನೆ, ಅವರ ಹೆಂಡತಿ, ಮೂವರು ಅಂಗರಕ್ಷಕರನ್ನು ಕೊಂದಿತು. ಇದನ್ನು ಬರೆಯುವಾಗ ಈಗಲೂ ಮನಸ್ಸು ಭಾರವಾಗುತ್ತದೆ.

ಆ ಒಪ್ಪಂದದಲ್ಲಿ ಇಂದು 190ಕ್ಕೂ ಹೆಚ್ಚು ದೇಶಗಳಿವೆ. ಅದರಲ್ಲಿ ನನಗೆ ತುಂಬ ಮುಖ್ಯ ಅನಿಸುವುದು ಒಂದು ಸಣ್ಣ ವಾಕ್ಯ: ಬ್ಯಾಂಕಿನ ಗೋಪ್ಯತೆಯ ನೆಪ ಹೇಳಿ ಯಾವ ದೇಶವೂ ತನಿಖೆಗೆ ನೆರವು ನಿರಾಕರಿಸುವಂತಿಲ್ಲ. ಕಪ್ಪುಹಣದ ದೊಡ್ಡ ಬೀಗ ಇದ್ದದ್ದೇ ಅಲ್ಲಿ. ಹಾಗಂತ ಎಲ್ಲ ಸಲೀಸಾಗಿದೆ ಎನ್ನುವುದಿಲ್ಲ. ಕೋರಿಕೆ ಪತ್ರ ಸಚಿವಾಲಯದಿಂದ ಸಚಿವಾಲಯಕ್ಕೆ ಹೋಗಬೇಕು, ಅನುವಾದವಾಗಬೇಕು, ನ್ಯಾಯಾಲಯ ಒಪ್ಪಬೇಕು. ಅಷ್ಟರಲ್ಲಿ ತಿಂಗಳುಗಳೇ ಉರುಳುತ್ತವೆ. ಹಣ ಹೋಗುವುದಕ್ಕೆ ನಿಮಿಷ ಸಾಕು.

ಈಗ ನಿಮ್ಮ ಗೆಳೆಯರ ಮಾತು. ಹಣವನ್ನು ದಾರಿಯಲ್ಲೇ ತಡೆಯಲು ಇಂಟರ್‌ಪೋಲ್ 2022ರಲ್ಲಿ ಒಂದು ತುರ್ತು ವ್ಯವಸ್ಥೆ ಶುರುಮಾಡಿತು. 2024ರ ಜುಲೈ 19ರಂದು ಸಿಂಗಾಪುರದ ಒಂದು ಕಂಪನಿ ನಕಲಿ ಇಮೇಲ್ ನಂಬಿ ಪೂರ್ವ ಟಿಮೋರ್‌ನ ಖಾತೆಯೊಂದಕ್ಕೆ 4.23 ಕೋಟಿ ಡಾಲರ್ ಹಾಕಿತು. ಮೋಸ ಗೊತ್ತಾದದ್ದು ನಾಲ್ಕು ದಿನದ ಮೇಲೆ. 23ರಂದು ಪೊಲೀಸರಿಗೆ ದೂರು ಹೋಯಿತು. 25ಕ್ಕೆ ಆ ಖಾತೆಯಲ್ಲಿ 3.9 ಕೋಟಿ ಡಾಲರ್ ತಡೆಹಿಡಿದಾಗಿತ್ತು. ಆಮೇಲೆ ಅಲ್ಲಿನ ಪೊಲೀಸರು ಏಳು ಜನರನ್ನು ಬಂಧಿಸಿ ಇನ್ನೂ 20 ಲಕ್ಷ ಡಾಲರಿಗಿಂತ ಜಾಸ್ತಿ ವಶಪಡಿಸಿಕೊಂಡರು.

ಪ್ರತಿ ಸಲವೂ ಹೀಗೇ ಆಗುತ್ತದೆ ಎಂದು ನಾನು ಮಾತು ಕೊಡಲಾರೆ. ದೂರು ಬಾರದ ಹಣವನ್ನು ಮಾತ್ರ ಯಾರೂ ಹುಡುಕುವುದಿಲ್ಲ. ದಯವಿಟ್ಟು ನಿಮ್ಮ ಗೆಳೆಯರಿಂದ ಇವತ್ತೇ ದೂರು ಕೊಡಿಸಿ. ತಮ್ಮ ಬ್ಯಾಂಕಿಗೂ ತಿಳಿಸಲಿ. ಹಣ ಹೋದ ಖಾತೆಯ ಸಂಖ್ಯೆ, ದಿನ, ಗಂಟೆ, ಬಂದ ಮೆಸೇಜುಗಳು ಎಲ್ಲವನ್ನೂ ಜೊತೆಗಿಡಲಿ. ನಾಚಿಕೆಯಿಂದ ಮೆಸೇಜು ಅಳಿಸಿಬಿಡುವುದು ಬೇಡ.

ಸಂಪಾದಕ