ಗೋಡೆ ದಾಟಿ ಬರುವ ಸದ್ದು

ಪ್ರಶ್ನೆ: ಹಾಲ್ ಮತ್ತು ಮಲಗುವ ಕೋಣೆಯ ನಡುವೆ ಎರಡೂ ಕಡೆ ಪ್ಲಾಸ್ಟರ್ ಮಾಡಿದ ಇಟ್ಟಿಗೆ ಗೋಡೆಯಿದೆ. ಆದರೂ ಟಿವಿಯ ಮಾತು ಪದಪದವಾಗಿ ಕೇಳಿಸುತ್ತದೆ. ಫೋಮ್ ಶೀಟ್ ಅಂಟಿಸಿದರೂ ಕಡಿಮೆಯಾಗಿಲ್ಲ. ಏನು ಮಾಡಬೇಕು?

ಉತ್ತರ: ಫೋಮ್ ಕೋಣೆಯೊಳಗಿನ ಪ್ರತಿಧ್ವನಿಯನ್ನು ತಗ್ಗಿಸುತ್ತದೆ, ಅಷ್ಟೆ. ಆಚೆಯ ಸದ್ದನ್ನು ತಡೆಯುವಷ್ಟು ತೂಕ ಅದಕ್ಕಿಲ್ಲ.

ನಿಮ್ಮಲ್ಲಿರುವಂಥ ಗೋಡೆಯ ಮೂಲಕ ಮಾತು ಗೊಣಗಿದಂತೆ ಕೇಳಬೇಕೇ ಹೊರತು ಪದಗಳು ತಿಳಿಯಬಾರದು. ಪದಗಳೇ ತಿಳಿಯುತ್ತಿವೆ ಎಂದರೆ ಸದ್ದು ಬೇರೆ ದಾರಿಯಿಂದ ಬರುತ್ತಿದೆ. ಮೊದಲು ಬಾಗಿಲನ್ನೇ ನೋಡಿ. ರಾತ್ರಿ ಕೋಣೆಯ ದೀಪ ಆರಿಸಿ, ಹಾಲ್‌ನಲ್ಲಿ ದೀಪ ಹಾಕಿ, ಬಾಗಿಲು ಮುಚ್ಚಿ ನಿಲ್ಲಿ. ಬೆಳಕು ನುಸುಳುವ ಕಡೆಯಿಂದೆಲ್ಲ ಸದ್ದೂ ನುಸುಳುತ್ತದೆ. ಚೌಕಟ್ಟಿಗೆ ರಬ್ಬರ್ ಬೀಡಿಂಗ್, ಬಾಗಿಲಡಿಗೆ ನೆಲ ಮುಟ್ಟುವ ಸೀಲ್ ಹಾಕಿಸಿ. ಬಾಗಿಲು ಒಳಗೆ ಟೊಳ್ಳಾಗಿದ್ದರೆ ಗಟ್ಟಿ ಬಾಗಿಲಿಗೆ ಬದಲಿಸುವುದೇ ಸರಿ. ಸ್ವಿಚ್ ಬಾಕ್ಸ್‌ಗಳು ಎರಡೂ ಕಡೆ ಬೆನ್ನಿಗೆ ಬೆನ್ನು ಕೂತಿದ್ದರೆ ನಡುವೆ ಇಟ್ಟಿಗೆ ಹೆಚ್ಚೇನೂ ಉಳಿದಿರುವುದಿಲ್ಲ. ಎಲೆಕ್ಟ್ರಿಷಿಯನ್‌ನಿಂದ ಒಂದನ್ನು ಪಕ್ಕಕ್ಕೆ ಸರಿಸಿ, ಹಳೆಯ ಗುಂಡಿಯನ್ನು ಗಾರೆಯಿಂದ ಭರ್ತಿ ಮಾಡಿಸಿ. ಫಾಲ್ಸ್ ಸೀಲಿಂಗ್ ಇದ್ದರೆ ಗೋಡೆ ಸ್ಲ್ಯಾಬ್‌ವರೆಗೆ ಹೋಗಿದೆಯೇ ಎಂದೂ ನೋಡಿ.

ಇಷ್ಟಾದ ಮೇಲೂ ಸಾಲದೆನಿಸಿದರೆ ಮಾತ್ರ ಎರಡನೇ ಪದರ ಕಟ್ಟಿಸಿ. ಹಳೆ ಗೋಡೆಯಿಂದ 20 ಮಿ.ಮೀ. ಬಿಟ್ಟು 50 ಮಿ.ಮೀ. ಲೋಹದ ಫ್ರೇಮ್ ನಿಲ್ಲಿಸಬೇಕು. ಕೋಣೆ ಎತ್ತರವಿದ್ದರೆ 70 ಮಿ.ಮೀ.ಯದು ಬೇಕು. ಫ್ರೇಮನ್ನು ನೆಲ ಮತ್ತು ಚಾವಣಿಗೆ, ಅಡಿಯಲ್ಲಿ ಫೋಮ್ ಟೇಪ್ ಇಟ್ಟು ಬಿಗಿಯಬೇಕು. ಹಳೆ ಗೋಡೆಗೆ ತಾಗಲೇಬಾರದು. ಅಲುಗಾಡುತ್ತದೆಂದು ಕೆಲಸಗಾರರು ಹಿಂದಿನ ಗೋಡೆಗೆ ಸ್ಕ್ರೂ ಹೊಡೆಯುವುದುಂಟು. ಆ ಸ್ಕ್ರೂಗಳ ಮೂಲಕವೇ ಕಂಪನ ಈಚೆಗೆ ದಾಟಿ, ಮಾಡಿದ ಖರ್ಚು ಬಹುಪಾಲು ವ್ಯರ್ಥವಾಗುತ್ತದೆ. ಹಾಗಾಗಿ ಆ ಹೊತ್ತಿನಲ್ಲಿ ಎದುರಿಗೇ ನಿಂತಿರಿ. ಫ್ರೇಮ್ ನಡುವೆ 50 ಮಿ.ಮೀ. ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ಇಡಿಸಿ, ತುರುಕಬೇಡಿ. ಅದರ ಮೇಲೆ 12.5 ಮಿ.ಮೀ. ಜಿಪ್ಸಮ್ ಬೋರ್ಡ್ ಎರಡು ಪದರ. ಮೊದಲನೆಯದಕ್ಕೆ 25, ಎರಡನೆಯದಕ್ಕೆ 35 ಮಿ.ಮೀ. ಸ್ಕ್ರೂ. ಎರಡು ಪದರಗಳ ಜೋಡಣೆ ಗೆರೆಗಳು ಒಂದರ ಮೇಲೊಂದು ಬರಬಾರದು. ಸುತ್ತಲೂ 5 ಮಿ.ಮೀ. ಸಂದು ಬಿಟ್ಟು ಅಕೌಸ್ಟಿಕ್ ಸೀಲೆಂಟ್ (ಸದ್ದು ತಡೆಯಲು ಸಂದಿಗೆ ತುಂಬುವ, ಒಣಗಿದರೂ ಮೆತ್ತಗಿರುವ ಅಂಟು) ತುಂಬಿಸಿ. ಪುಟ್ಟಿ ಒಣಗಿ ಬಿರಿಯುತ್ತದೆ, ಬೇಡ. 50 ಮಿ.ಮೀ. ಫ್ರೇಮ್‌ಗೆ ಕೋಣೆಯ ಜಾಗ ಸುಮಾರು ನಾಲ್ಕಿಂಚು ಹೋಗುತ್ತದೆ.

ಸ್ಪೀಕರ್‌ನ ದಪ್ಪ ದನಿ ನೆಲ, ಸ್ಲ್ಯಾಬ್‌ಗಳ ಮೂಲಕವೂ ಹರಿಯುವುದರಿಂದ ಅದು ಪೂರ್ತಿ ನಿಲ್ಲದು. ಟಿವಿ, ಸ್ಪೀಕರ್ ಅದೇ ಗೋಡೆಗೆ ತೂಗುತ್ತಿದ್ದರೆ ಸ್ಟ್ಯಾಂಡಿಗೆ ಇಳಿಸಿ.

ಪ್ರಶ್ನೆ: ರಾಕ್‌ವೂಲ್ ಬದಲು ಥರ್ಮೋಕೋಲ್ ಆಗದೇ?

ಉತ್ತರ: ಆಗದು. ಅದರ ಕಣಗಳು ಮುಚ್ಚಿಕೊಂಡಿರುವುದರಿಂದ ಗಾಳಿ ಒಳಹೊಕ್ಕು ಸದ್ದು ಸವೆಯುವುದಿಲ್ಲ. ಅದನ್ನು ಗೋಡೆಗೆ ಅಂಟಿಸಿ ಮೇಲೆ ಬೋರ್ಡ್ ಹಾಕಿದರೆ ಕೆಲವು ಸ್ವರಗಳು ಮೊದಲಿಗಿಂತ ಜೋರಾಗಿಯೇ ಕೇಳಬಹುದು.