ಸೌದೆ ಒಡೆಯೋಕೆ ಮಷಿನ್ ಬೇಕಾ ಅಂತ ಕೇಳಿದ್ರಲ್ಲ

ಅಣ್ಣ, ಮರಗಸಿ (ತೋಟದ ನೆರಳಿನ ಮರದ ಕೊಂಬೆ ಸವರೋದು) ಮಾಡಿಸಿದ ಸಿಲ್ವರ್ ಓಕ್ ಮರದ ತುಂಡುಗಳು ಅಂಗಳದಲ್ಲೇ ಬಿದ್ದಿವೆ, ಆಳು ಸಿಗ್ತಿಲ್ಲ, ಮಳೆ ಹಿಡಿಯೋಕೆ ಮುಂಚೆ ಮಷಿನ್ ತಗೊಳ್ಲಾ ಅಂದ್ರಲ್ಲ, ನನ್ನ ಕೇಳಿದ್ರೆ ಒಂದು ಮನೆ ಹಂಡೆ ಒಲೆಗೆ ಅದು ಬೇಡ. ನಮ್ದು ಕೊಡಗಿನ ಸೋಮವಾರಪೇಟೆ ಹತ್ರ, ಸ್ನಾನದ ನೀರು ಇವತ್ತಿಗೂ ಸೌದೆ ಒಲೇಲೇ, ಒಡೆಯೋದು ನಾನೇ.

ಮೊದ್ಲು, ಒಣಗಿದ್ಮೇಲೆ ಒಡೆಯೋಣ ಅಂತ ಕಾಯ್ಬೇಡಿ. ಸಿಲ್ವರ್ ಹಸಿ ಇದ್ದಾಗ ನೇರ ಸೀಳ್ಕೊಂಡು ಹೋಗತ್ತೆ, ನೀಲಗಿರಿ ಅಂತೂ ಎಳೆ ತಿರುಚ್ಕೊಂಡಿರತ್ತೆ, ಒಣಗಿದ್ರೆ ಕೊಡಲಿನೇ ವಾಪಸ್ ಪುಟಿಯತ್ತೆ. ತೊಗಟೆ ಸುತ್ತಿರೋ ಇಡೀ ತುಂಡಿಂದ ನೀರು ಹೊರಗೆ ಬರೋದೂ ಬಹಳ ನಿಧಾನ, ಸೀಳಿದ್ರೇ ಗಾಳಿ ತಾಗೋದು. ಕಿತ್ತ ಕಾಫಿ ಗಿಡದ ಸೌದೆ ಸಣ್ಣದಿದ್ರೆ ಹಾಗೇ ಜೋಡಿಸಿ, ಒಳ್ಳೆ ಕೆಂಡ ನಿಲ್ಲತ್ತೆ. ಹಾಲುವಾಣದ ಮರಕ್ಕೆ ಮೈ ನೋಯಿಸ್ಕೋಬೇಡಿ, ಬೆಂಡು ಥರ ಉರಿದು ಹೋಗತ್ತೆ.

ಮರ ಕಡಿಯೋ ತೆಳು ಬಾಯಿ ಕೊಡಲಿಲಿ ಒಡೆಯೋಕೆ ಹೋದ್ರೆ ಅದು ಒಳಗೆ ಸಿಕ್ಕಾಕೊಂಡು ಕೀಳೋದ್ರಲ್ಲೇ ಅರ್ಧ ದಿನ ಹೋಗತ್ತೆ, ದಪ್ಪ ಕೆನ್ನೆ ಇರೋ ಭಾರದ ಕೊಡಲಿ ಬೇಕು. ಕಾವಿಗೆ (ಹಿಡಿಗೆ) ನಮ್ಮಲ್ಲಿ ದಡಸಲು ಮರಾನೇ ಹಾಕೋದು. ತುಂಡನ್ನ ಒಂದೂವರೆ ಅಡಿಗಿಂತ ಉದ್ದ ಬಿಡ್ಬೇಡಿ, ಅಗಲದ ಕೊರಡಿನ ಮೇಲೆ ನಿಲ್ಲಿಸಿ, ಕೆಳಗೆ ಕಲ್ಲು ಇದ್ರೆ ಬಾಯಿ ಹೋಗತ್ತೆ. ತುದೀಲಿ ಬಿರುಕು ಎಲ್ಲಿದೆ ನೋಡಿ, ಏಟು ಅದೇ ಸಾಲಲ್ಲಿ ಬೀಳ್ಲಿ. ದೊಡ್ಡ ದಿಮ್ಮಿಗೆ ನಡುವೆ ಹೊಡೆದು ಸುಸ್ತಾಗೋ ಬದ್ಲು ಅಂಚಿಂದ ಹಲಗೆ ಥರ ಸುತ್ತ ಎಬ್ಬಿಸ್ತಾ ಬನ್ನಿ. ಗಂಟು ಇರೋ ಕಡೆ ಕೆಳಗೆ ಬರ್ಲಿ. ಹಳೇ ಟೈರ್ ಇದ್ರೆ ಅದರೊಳಗೆ ನಿಲ್ಲಿಸಿ ಒಡೀರಿ, ಚೂರು ಚೆಲ್ಲಲ್ಲ, ಪ್ರತಿ ಸಲ ಬಗ್ಗಿ ಎತ್ತೋದು ತಪ್ಪತ್ತೆ, ಸೊಂಟ ನೋವಿನವ್ರಿಗೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಕವಲು, ಗಂಟಿಗೆಲ್ಲ ಕಬ್ಬಿಣದ ಬೆಣೆ ಎರಡು ಇಟ್ಕೊಳಿ, ಒಂದು ಸಿಕ್ಕಾಕೊಂಡ್ರೆ ಅದೇ ಬಿರುಕಲ್ಲಿ ಮುಂದಕ್ಕೆ ಇನ್ನೊಂದು. ಹೊಡೆಯೋಕೆ ಸುತ್ತಿಗೆನೇ, ಕೊಡಲಿ ಹಿಂಭಾಗದಲ್ಲಿ ಹೊಡೀಬೇಡಿ, ಕಾವು ಕೂರೋ ಕಣ್ಣು ಬಿರಿಯತ್ತೆ. ಬೆಣೆ ತಲೆ ಅಣಬೆ ಥರ ಅರಳಿದ್ರೆ ಆ ಅಂಚನ್ನ ಗ್ರೈಂಡರ್‌ನಲ್ಲಿ ಉಜ್ಜಿಸಿ. ನಾನು ಉಜ್ಜಿಸದೆ ಬಿಟ್ಟು, ಒಂದು ಚೂರು ಹಾರಿ ಮೊಣಕಾಲ ಕೆಳಗೆ ಹೊಕ್ಕಿ ಡಾಕ್ಟರ್ ತೆಗೀಬೇಕಾಯ್ತು, ಕಣ್ಣಿಗೆ ಬಿದ್ದಿದ್ರೆ ಏನ್ ಗತಿ. ಅವತ್ತಿಂದ ಕನ್ನಡಕ ಹಾಕ್ದೆ ಸುತ್ತಿಗೆ ಮುಟ್ಟಲ್ಲ.

ಕೊಡಲಿ ಕಾವಲ್ಲಿ ಅಲ್ಲಾಡಿದ್ರೆ ನೀರಲ್ಲಿ ನೆನೆಸೋ ಅಭ್ಯಾಸ ಬಿಡಿ, ಒಣಗಿದ್ಮೇಲೆ ಇನ್ನೂ ಸಡಿಲ ಆಗತ್ತೆ, ಕಾವಿನ ತುದಿಗೆ ಹೊಸ ಬೆಣೆ ಹೊಡೀರಿ. ಒಲೆ ಹಚ್ಚೋ ಸಣ್ಣ ಚಕ್ಕೆಗೆ ಕತ್ತಿ ಬೀಸ್ಬೇಡಿ, ಕತ್ತಿ ಬಾಯಿನ ಸೌದೆ ತುದಿ ಮೇಲೆ ಇಟ್ಟು ಕತ್ತಿ ಬೆನ್ನಿಗೆ ಮರದ ತುಂಡಲ್ಲಿ ತಟ್ಟಿ, ಬೆರಳು ಉಳಿಯತ್ತೆ.

ಮಷಿನ್ ಬೇಕೇ ಅಂದ್ರೆ ಮೂರ್ನಾಲ್ಕು ಮನೆ ಸೇರಿ ಹೈಡ್ರಾಲಿಕ್‌ದು ತಗೊಳಿ. ತಿರುಗ್ತಾ ಮರದೊಳಗೆ ಕೊರೆದು ಸೀಳೋ ಸ್ಕ್ರೂ ಕೋನ್‌ದು ಮಾತ್ರ ಬೇಡಣ್ಣ, ಲುಂಗಿ ಅಂಚೋ ಗ್ಲೌಸೋ ಸಿಕ್ರೆ ಎಳ್ಕೊಂಡ್ಬಿಡತ್ತೆ.

ಒಡೆದಿದ್ದನ್ನ ನೆಲಕ್ಕೆ ಹಾಕ್ಬೇಡಿ, ಗೆದ್ದಲು ಹಿಡಿಯತ್ತೆ. ಎರಡು ಗಳ ಅಡ್ಡ ಇಟ್ಟು, ಗೋಡೆಯಿಂದ ಗೇಣು ಬಿಟ್ಟು, ಸೂರಿನ ಕೆಳಗೆ ಜೋಡಿಸಿ. ಮಳೆಗಾಲದಲ್ಲಿ ಸೌದೆ ಎಳೆಯೋಕೆ ಮುಂಚೆ ಕೋಲಲ್ಲಿ ಒಂದ್ಸಲ ತಟ್ಟಿ, ಹಾವು ಬೆಚ್ಚಗಿರೋ ಜಾಗ ಹುಡುಕ್ಕೊಂಡು ಅಲ್ಲೇ ಸೇರ್ಕೊಳ್ಳತ್ತೆ.